ಕೊಂಡ ಪುಸ್ತಕವೊ, ಬಾಡಿಗೆಯ ಪುಸ್ತಕವೊ?

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸ್ಲೇಟಿನಂತೆ ಕಾಣುವ ಈ ವಸ್ತುವಿಗೆ ಕಿಂಡಲ್ ಎಂದು ಹೆಸರು. ಅಮೆರಿಕದ ಓಹಾಯೊ ರಾಜ್ಯದಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ, ತಾನು ಹೊಸದೊಂದು ಕೊಂಡಿರುವೆನೆಂದು ಹಳೆಯದನ್ನು ನನಗೆ ಬಿಟ್ಟುಹೋದ. ಇದು ಮೊಬೈಲಿನ ಗಾಜಿನಂತೆ ಕಣ್ಣು ಚುಚ್ಚುವುದಿಲ್ಲ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಕನ್ನಡಕ ಬಂದ ವಯಸ್ಸಿನ ನಮ್ಮಂಥವರಿಗೆ ಅದೇ ದೊಡ್ಡ ಉಪಕಾರ.

ಇದರಲ್ಲಿ ಅವನ ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಎರವಲು ತಂದ ಪುಸ್ತಕವೊಂದಿತ್ತು. ನಾನು ಅರ್ಧ ಓದಿ ಮುಗಿಸಿದ್ದೆ. ಒಂದು ಬೆಳಿಗ್ಗೆ ತೆರೆದು ನೋಡಿದರೆ, ಹೆಸರು ಇದೆ, ಪುಸ್ತಕ ಇಲ್ಲ! ಗಡುವು ಮುಗಿದಿತ್ತು. ಯಾರೂ ಬಾಗಿಲು ತಟ್ಟಲಿಲ್ಲ, ದಂಡ ಕೇಳಲಿಲ್ಲ. ಪುಸ್ತಕ ತಾನಾಗಿಯೇ ಎದ್ದು ಹೋಗಿತ್ತು.

ಈ ಏರ್ಪಾಡು ಹೊಸದೇನಲ್ಲ. ಅದೇ ಓಹಾಯೊದ ಕ್ಲೀವ್‌ಲ್ಯಾಂಡ್ ನಗರದ ಗ್ರಂಥಾಲಯ 2003ರಲ್ಲಿಯೇ ಓವರ್‌ಡ್ರೈವ್ ಎಂಬ ಸಂಸ್ಥೆಯ ಮೂಲಕ ಇ-ಪುಸ್ತಕ ಎರವಲು ಕೊಡಲು ತೊಡಗಿತು. 2011ರಲ್ಲಿ ಅಮೆರಿಕದ 11,000ಕ್ಕೂ ಹೆಚ್ಚು ಗ್ರಂಥಾಲಯಗಳ ಪುಸ್ತಕಗಳು ಕಿಂಡಲಿಗೂ ಬಂದವು. ಗ್ರಂಥಾಲಯದ ಕಾರ್ಡಿನ ಸಂಖ್ಯೆಯೊಂದಿದ್ದರೆ ಸಾಕು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಗ್ರಂಥಾಲಯದ ಬಾಗಿಲು ಎಂದೂ ತೆರೆದಿರುವುದಿಲ್ಲ, ಇದು ನಿಮಗೆ ನಾನು ಹೇಳಬೇಕಾದ್ದಿಲ್ಲ. ಈ ಬಾಗಿಲಿಗೆ ಬೀಗವಿಲ್ಲ. ಎರಡು ಮೂರು ವಾರ ಇಟ್ಟುಕೊಂಡು ಓದಬಹುದು.

ಆದರೂ ಅಲ್ಲಿ ಜನ ಸರದಿಯಲ್ಲಿ ಕಾಯುತ್ತಾರೆ. ಹೆಸರಾದ ಕಾದಂಬರಿಯೊಂದಕ್ಕೆ ತಿಂಗಳುಗಟ್ಟಲೆ ಕಾಯುವುದುಂಟು. ಗುಂಡಿ ಒತ್ತಿದರೆ ಸಾವಿರ ನಕಲು ಆಗುವ ವಸ್ತುವಿಗೆ ಸರದಿ ಯಾಕೆ? ನಾನು ಇದನ್ನೇ ಕೇಳಿದೆ. ಹುಡುಗ ನಕ್ಕು, "ಮಾವ, ಆ ಪುಸ್ತಕ ಗ್ರಂಥಾಲಯದ್ದಲ್ಲ" ಎಂದ.

ಇಲ್ಲಿ ಕುಳಿತಿರುವ ವರ್ತಕ ಮಿತ್ರರು ಸ್ವಲ್ಪ ಕಿವಿಗೊಡಬೇಕು, ಇದು ವ್ಯಾಪಾರದ ಮಾತು. ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿ ಒಂದು ಕಾದಂಬರಿಯನ್ನು 89 ಸೆಂಟಿಗೆ ಮಾರುತ್ತಿತ್ತು. ಒಂದು ಡಾಲರಿಗಿಂತ ಕಡಮೆಗೆ ಮಾರಕೂಡದು ಎಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1908ರಲ್ಲಿ ತೀರ್ಪು ಬಂತು: ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನು ಮತ್ತೆ ಯಾವ ಬೆಲೆಗೆ ಮಾರಬೇಕೆಂದು ವಿಧಿಸುವ ಹಕ್ಕು ಪ್ರಕಾಶಕನಿಗಿಲ್ಲ. ಕೊಂಡವನು ಅದನ್ನು ಮಾರಲಿ, ದಾನ ಕೊಡಲಿ, ಎರವಲು ಕೊಡಲಿ. ಈ ನ್ಯಾಯ ಮರುವರ್ಷವೇ ಕಾನೂನಿನಲ್ಲಿ ಸೇರಿತು. ಅಮೆರಿಕದ ಗ್ರಂಥಾಲಯಗಳು ಯಾರ ಅಪ್ಪಣೆಯನ್ನೂ ಕೇಳದೆ ಪುಸ್ತಕ ಹಂಚುತ್ತಿರುವುದು ಇದರ ಬಲದಿಂದ.

ಇ-ಪುಸ್ತಕಕ್ಕೆ ಈ ಬಲ ದಕ್ಕಲಿಲ್ಲ. ಯಾಕೆಂದರೆ ಅದನ್ನು ಮಾರುವುದೇ ಇಲ್ಲ, ಕರಾರಿನ ಮೇಲೆ ಬಾಡಿಗೆಗೆ ಕೊಡುತ್ತಾರೆ. ಮಳಿಗೆ ಬಾಡಿಗೆಗೆ ಹಿಡಿದವನ ಪಾಡು ನಿಮಗೆ ಗೊತ್ತು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನದವರು, ಒಂದು ಇ-ಪ್ರತಿಯನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ಹಣ ಕಟ್ಟಬೇಕೆಂದು ವಿಧಿಸಿದರು. ಎರಡೆರಡು ವಾರದಂತೆ ಲೆಕ್ಕ ಹಾಕಿ, ಸರಿಯಾಗಿ ಒಂದು ವರ್ಷ. ಕಾಗದದ ಪುಸ್ತಕವೂ ಸವೆಯುತ್ತದಲ್ಲವೆ ಎಂಬುದು ಅವರ ವಾದ. ಓಕ್ಲಹೋಮದ ಗ್ರಂಥಪಾಲಕರು ವಾದಕ್ಕೆ ಇಳಿಯಲಿಲ್ಲ. ಅದಕ್ಕಿಂತ ಹೆಚ್ಚು ಸಲ ಎರವಲು ಹೋಗಿ ಬಂದ ತಮ್ಮ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಚಿತ್ರೀಕರಿಸಿ ತೋರಿಸಿದರು. ಗಟ್ಟಿಮುಟ್ಟಾಗಿಯೇ ಇದ್ದವು!

ಮ್ಯಾಕ್‌ಮಿಲನ್‌ನವರು ಇನ್ನೂ ಮುಂದೆ ಹೋದರು. ಹೊಸ ಪುಸ್ತಕ ಬಂದ ಮೊದಲ ಎಂಟು ವಾರ, ಊರು ಎಷ್ಟೇ ದೊಡ್ಡದಿರಲಿ, ಇಡೀ ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ. ಆಮೇಲಿನ ಪ್ರತಿಗಳಿಗೆ ಎರಡು ವರ್ಷಕ್ಕೆ 60 ಡಾಲರು. ಇದು 2019ರ ನವೆಂಬರ್ 1ರಿಂದ. ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಗ್ರಂಥಾಲಯ, ಹಾಗಾದರೆ ನಿಮ್ಮ ಹೊಸ ಇ-ಪುಸ್ತಕವೇ ಬೇಡವೆಂದು ಕೊಳ್ಳುವುದನ್ನು ನಿಲ್ಲಿಸಿತು. ಬೇರೆ ಊರುಗಳೂ ಕೈಜೋಡಿಸಿದವು. 2020ರ ಮಾರ್ಚಿನಲ್ಲಿ ಕಂಪೆನಿ ಎಂಟು ವಾರದ ಕಟ್ಟನ್ನು ತೆಗೆದುಹಾಕಿತು. ಮುಷ್ಕರವೆಂದರೆ ಏನೆಂದು ಗ್ರಂಥಪಾಲಕರಿಗೂ ಗೊತ್ತಿದೆ ಎಂದು ತಿಳಿದು ನನಗೆ ಸಂತೋಷವಾಯಿತು.

ಕಾನೂನಿನ ದಾರಿ ಇಷ್ಟು ಸುಲಭವಾಗಲಿಲ್ಲ. ಮೇರಿಲ್ಯಾಂಡ್ ರಾಜ್ಯ 2021ರಲ್ಲಿ, ಜನರಿಗೆ ಕೊಡುವ ಇ-ಪುಸ್ತಕವನ್ನು ಗ್ರಂಥಾಲಯಕ್ಕೂ ನ್ಯಾಯವಾದ ಷರತ್ತಿನ ಮೇಲೆ ಕೊಡಬೇಕೆಂದು ಕಾಯಿದೆ ಮಾಡಿತು. ಗ್ರಂಥಸ್ವಾಮ್ಯ ಕೇಂದ್ರದ ವಿಷಯ, ರಾಜ್ಯದ್ದಲ್ಲ ಎಂದು 2022ರಲ್ಲಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು.

ಬರೆದವನ ಹೊಟ್ಟೆಪಾಡು ಏನು ಎಂದು ನೀವು ಕೇಳಬಹುದು. ಕೇಳಲೇಬೇಕು. ಕೊಳ್ಳುವಷ್ಟೇ ಸುಲಭವಾಗಿ ಎರವಲು ಸಿಕ್ಕಿದರೆ ಯಾರು ಕೊಳ್ಳುತ್ತಾರೆ ಎಂಬ ಪ್ರಕಾಶಕರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಮದ್ದು ಓದುಗನನ್ನು ಹೊರಗೆ ನಿಲ್ಲಿಸುವುದೊಂದೇ ಅಲ್ಲ. ಬ್ರಿಟನ್ನು 1979ರಲ್ಲಿ ಕಾನೂನು ಮಾಡಿ, ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಂತೆ ಲೇಖಕನಿಗೆ ಸರ್ಕಾರದ ನಿಧಿಯಿಂದ ಹಣ ಕೊಡುವ ಏರ್ಪಾಡು ಮಾಡಿತು. 2018ರ ಜುಲೈಯಿಂದ ಮನೆಯಿಂದಲೇ ಪಡೆಯುವ ಇ-ಪುಸ್ತಕಗಳಿಗೂ ಅದು ಅನ್ವಯಿಸಿದೆ.

ಅಮೆರಿಕದ ಮಾತು ನಮಗೇಕೆ? ಈ ಕಿಂಡಲ್ ನಮ್ಮಲ್ಲಿಯೂ ಮಾರಾಟಕ್ಕೆ ಬಂದಿದೆ. ಆದರೆ ಗ್ರಂಥಾಲಯದ ಎರವಲನ್ನು ಅದಕ್ಕೆ ಕಳಿಸುವ ಏರ್ಪಾಡು ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ. ಇನ್ನು ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯಿದೆ ಇದೆ. ಮನೆ, ಮಳಿಗೆಗಳ ತೆರಿಗೆಯ ರಶೀದಿಯನ್ನು ತೆಗೆದು ನೋಡಿ, ಗ್ರಂಥಾಲಯ ಕರವೆಂದು ಒಂದು ಸಾಲು ಇರುತ್ತದೆ. 2020ರಲ್ಲಿ ಸರ್ಕಾರ ಡಿಜಿಟಲ್ ಗ್ರಂಥಾಲಯವನ್ನೂ ತೆರೆಯಿತು. ಮೊಬೈಲಿನಲ್ಲಿ ಹೆಸರು ನೋಂದಾಯಿಸಬಹುದು, ನೋಂದಾಯಿಸಿ. ಜೊತೆಗೆ ಒಂದು ಪ್ರಶ್ನೆಯನ್ನೂ ಹಾಕಿ: ಇಲ್ಲಿರುವುದರಲ್ಲಿ ನಮ್ಮ ಹಣದಿಂದ ಕೊಂಡದ್ದು ಯಾವುದು, ಬಾಡಿಗೆಗೆ ತಂದದ್ದು ಯಾವುದು, ಎಷ್ಟು ವರ್ಷಕ್ಕೆ, ಗಡುವು ಮುಗಿದ ಮೇಲೆ ಏನು ಉಳಿಯುತ್ತದೆ? ಬರೆದು ಕೇಳಿ, ಬರೆದ ಉತ್ತರ ಪಡೆಯಿರಿ. ಉತ್ತರ ಬಂದರೆ ಈ ವಾಚನಾಲಯದ ಹಲಗೆಗೆ ಅಂಟಿಸೋಣ.

ಇದನ್ನು ಇಲ್ಲಿ ಮೇಜಿನ ಮೇಲೆ ಇಡುತ್ತೇನೆ, ಒಬ್ಬೊಬ್ಬರಾಗಿ ಬಂದು ನೋಡಿ. ನಾನು ಅರ್ಧಕ್ಕೆ ಬಿಟ್ಟ ಪುಸ್ತಕದ ಹೆಸರು ಇನ್ನೂ ಪಟ್ಟಿಯಲ್ಲಿದೆ. ಒತ್ತಿದರೆ ತೆರೆಯುವುದಿಲ್ಲ.