ಸೀಬಾರದ ಸ್ಮಾರಕದಲ್ಲಿ
(ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಚಿತ್ರದುರ್ಗದ ಸಮೀಪದ ಸೀಬಾರದಲ್ಲಿರುವ ಶ್ರೀ ಎಸ್. ನಿಜಲಿಂಗಪ್ಪನವರ ಸಮಾಧಿಯನ್ನೂ ಸ್ಮಾರಕಭವನವನ್ನೂ ಈಚೆಗೆ ನೋಡಿಬಂದೆನು. ಅದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ಕಟ್ಟಡದ ವರ್ಣನೆ ನನ್ನ ಕೈಲಾಗದು. ಅದು ನನ್ನ ಉದ್ದೇಶವೂ ಅಲ್ಲ. ಹೆದ್ದಾರಿಯ ಲಾರಿಗಳ ಮೊರೆತವು ಹಗಲಿರುಳೂ ನಿಲ್ಲದು. ಗಿಡಮರಗಳ ನೆರಳಿನಲ್ಲಿ ಸಮಾಧಿಯೆಡೆಗೆ ನಡೆದರೆ ಆ ಸದ್ದು ತುಸು ಹಿಂದುಳಿಯುವುದು. ನಾನು ಅಲ್ಲಿದ್ದ ಹೊತ್ತಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಎಷ್ಟು ವಾಹನಗಳು ಓಡಿದುವೋ ಲೆಕ್ಕವಿಲ್ಲ. ಒಳಕ್ಕೆ ಬಂದವರನ್ನು ಮಾತ್ರ ಬೆರಳಿನಲ್ಲಿ ಎಣಿಸಬಹುದಾಗಿದ್ದಿತು.

ಇದು ನನ್ನ ಮನಸ್ಸನ್ನು ನೋಯಿಸಿತು. ಏಕೆಂದರೆ, 1956ಕ್ಕೆ ಮುಂಚೆ ಇದೇ ದಾರಿಯಲ್ಲಿ ಹರಿಹರದ ಹೊಳೆಯನ್ನು ದಾಟಿದೊಡನೆ ಮೈಸೂರು ಮುಗಿದು ಮುಂಬಯಿಯ ಆಡಳಿತವು ಮೊದಲಾಗುತ್ತಿದ್ದಿತು. ಎರಡು ದಡಗಳಲ್ಲಿಯೂ ಕನ್ನಡವೇ; ಸರಕಾರಗಳು ಮಾತ್ರ ಬೇರೆ!

ಹರಿದುಹೋಗಿದ್ದ ಆ ಭೂಪಟವನ್ನು ನಿಜಲಿಂಗಪ್ಪನವರ ಬಾಳಿನಲ್ಲಿಯೇ ಓದಬಹುದು. 1902ರಲ್ಲಿ ಅವರು ಜನಿಸಿದುದು ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಅದು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ವಕೀಲಿಯನ್ನು ಕೈಕೊಂಡುದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಅಲ್ಲಿಗೆ ಸಮೀಪದ ತುರುವನೂರಿನಲ್ಲಿ 1939ರಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹವು ನಡೆದಾಗ ಸೆರೆಮನೆಯನ್ನು ಕಂಡರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಸೀಮೆಗಳು 1956ನೆಯ ನವೆಂಬರ್ 1ರಂದು ಒಂದಾದಾಗ ಮೊದಲ ಮುಖ್ಯಮಂತ್ರಿಗಳಾದವರು ಅವರೇ. ಕಾಸರಗೋಡು ಹೊರಗುಳಿಯಿತೆಂಬ ಕೊರಗು ಅಂದೂ ಇದ್ದಿತು, ಇಂದೂ ಇದೆ.

ಆದರೆ ಸರಕಾರೀ ಕಾಗದದ ಮೇಲೆ ಸೀಮೆಗಳು ಸೇರಿದ ಮಾತ್ರಕ್ಕೆ ಜನರು ಸೇರಿದರೆಂದು ಹೇಳಲಾದೀತೇ? 1962ರ ಚುನಾವಣೆಯಲ್ಲಿ ಅವರು ತಮ್ಮ ಜಿಲ್ಲೆಯ ಹೊಸದುರ್ಗದಲ್ಲಿಯೇ ಸೋತರು. ಆಗ ಬಾಗಲಕೋಟೆಯ ಶಾಸಕರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಆ ಕ್ಷೇತ್ರವು ಅವರನ್ನು ಅವಿರೋಧವಾಗಿ ಆರಿಸಿತು. ಆರು ವರ್ಷಗಳ ಹಿಂದೆ ಮುಂಬಯಿಗೆ ಸೇರಿದ್ದ ಊರು ಮೈಸೂರಿನ ವಕೀಲರೊಬ್ಬರನ್ನು ತನ್ನವರೆಂದಿತು. ನನ್ನ ದೃಷ್ಟಿಯಲ್ಲಿ, ಬೆಂಗಳೂರಿನಲ್ಲಿ ನಡೆದ ಉದ್ಘಾಟನೆಯ ವೈಭವಕ್ಕಿಂತ ಈ ಘಟನೆಯೇ ಹೆಚ್ಚಿನದು.

1964ನೆಯ ಮೇ 22ರಂದು ಅವರ ಆಡಳಿತದ ಕಾಲದಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಮುಂದೆ ಆ ಅಣೆಯ ಹಿನ್ನೀರು ಹಳೆಯ ಬಾಗಲಕೋಟೆಯ ಮನೆಮಠಗಳನ್ನೇ ನುಂಗಿತು. ನೀರು ಹೊಲಗಳಿಗೆ ಹರಿಯಿತು, ನಿಜ. ಆದರೆ ಅವರನ್ನು ಆರಿಸಿದ ಊರಿನವರು ತೆತ್ತ ಬೆಲೆಯನ್ನು ಹೇಳದೆ ಅವರ ಕೀರ್ತಿಯನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಅವರು 2000ದಲ್ಲಿ ತೀರಿಕೊಂಡರು. 2011ರಲ್ಲಿ ಸೀಬಾರದ ಸ್ಮಾರಕವನ್ನು ಉದ್ಘಾಟಿಸಿದವರು ದಲೈ ಲಾಮಾ ಅವರು. ಟಿಬೇಟಿನ ನಿರಾಶ್ರಿತರಿಗೆ ಬೈಲುಕುಪ್ಪೆಯಲ್ಲಿ ನೆಲೆಯೊದಗಿದ ಉಪಕಾರವನ್ನು ಅವರು ಮರೆತಿರಲಿಲ್ಲ. ದೂರದವರು ನೆನೆದು ಬಂದರು. ಹತ್ತಿರದವರಾದ ನಾವು ಹೆದ್ದಾರಿಯಲ್ಲಿಯೇ ಸಾಗಿಹೋಗುತ್ತಿದ್ದೇವೆ.

ಉಪಾಧ್ಯಾಯ ಮಿತ್ರರಲ್ಲಿ ಒಂದೇ ಬಿನ್ನಹ. ರಜೆಯಲ್ಲಿ ಮಕ್ಕಳನ್ನು ದುರ್ಗದ ಕೋಟೆಗೆ ಕರೆತಂದಾಗ ಸೀಬಾರಕ್ಕೂ ಒಂದು ಗಳಿಗೆ ಕೊಡಿರಿ. ಹುಬ್ಬಳ್ಳಿಯ ಕಡೆಯಿಂದ ಬರುವವರು ಹರಿಹರದ ಸೇತುವೆಯನ್ನು ದಾಟುವಾಗ, ಹಳೆಯ ಗಡಿಯಿದ್ದುದು ಇಲ್ಲಿಯೇ ಎಂದು ಮಕ್ಕಳಿಗೆ ಹೊಳೆಯನ್ನು ತೋರಿಸಿರಿ.