ಮೊಳಕೆ ಬಂತು, ಬೇರು ನೋಡಿದಿರಾ?

ಬಿಕರ್ನಕಟ್ಟೆಯಿಂದ ಒಬ್ಬರು ಕೇಳಿದ್ದಾರೆ, ಇದೇ ಪ್ರಶ್ನೆ ಬೇರೆಯವರದ್ದೂ ಇದೆ: ‘ಊರಿನ ಅಡಿಕೆ ತೋಟದಿಂದ ಮಣ್ಣು ತಂದು ತಾರಸಿಯಲ್ಲಿ ಅಲಸಂಡೆ ಹಾಕಿದೆವು. ಬೀಜ ಚೆನ್ನಾಗಿಯೇ ಮೊಳೆಯಿತು, ಗಿಡ ಮಾತ್ರ ಏಳಲಿಲ್ಲ. ಮೊಳೆತ ಮೇಲೆ ಮಣ್ಣಿನಲ್ಲಿ ದೋಷ ಇರಲಾರದಲ್ಲ?’

ಇರಬಹುದು. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮದ್ದು ಬಿಡುತ್ತೇವಲ್ಲ, 100 ಲೀಟರಿಗೆ 1 ಕಿಲೋ ಮೈಲುತುತ್ತು; ಅದರಲ್ಲಿ ಕಾಲು ಭಾಗ ತಾಮ್ರ. ತಾಮ್ರ ಕೊಳೆಯುವ ವಸ್ತುವಲ್ಲ, ಮಳೆಗೆ ಸುಲಭವಾಗಿ ತೊಳೆದುಹೋಗುವುದೂ ಇಲ್ಲ. ಮೇಲ್ಮಣ್ಣಿಗೇ ಅಂಟಿ ಕೂರುತ್ತದೆ. ‘ಕಪ್ಪಗಿದೆ, ಒಳ್ಳೆಯ ಮಣ್ಣು’ ಎಂದು ನಾವು ಗೋಣಿಗೆ ತುಂಬುವುದೂ ಆ ಮೇಲ್ಮಣ್ಣನ್ನೇ.

ಹಾಗಾದರೆ ಬೀಜ ಮೊಳೆತದ್ದು ಹೇಗೆ? ಬೀಜ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಮೊಳೆಯಲು ಅದಕ್ಕೆ ಬೇಕಾದದ್ದು ನೀರು. ಸಿಪ್ಪೆ ನೀರನ್ನು ಒಳಗೆ ಬಿಡುತ್ತದೆ, ತಾಮ್ರವನ್ನು ಬಹುಪಾಲು ಹೊರಗೇ ತಡೆಯುತ್ತದೆ. ಸಿಪ್ಪೆ ಒಡೆದು ಬೇರಿನ ತುದಿ ಹೊರಗೆ ಬಂದಾಗಲೇ ಅದಕ್ಕೂ ಮಣ್ಣಿಗೂ ಮುಖಾಮುಖಿ. ಇನ್ನೊಮ್ಮೆ ಹೇಳುತ್ತೇನೆ: ಮೊಳಕೆ ಬಂದದ್ದು ಬೀಜದ ಗುಣ, ಮಣ್ಣಿನ ಗುಣ ಹೇಳುವುದು ಬೇರು. ವಿಷ ಮಿತಿಮೀರಿದರೆ ಮೊಳಕೆಯೂ ನಿಲ್ಲುತ್ತದೆ ನಿಜ, ಆದರೆ ಬೇರು ಅದಕ್ಕಿಂತ ಎಷ್ಟೋ ಮೊದಲೇ ಸೋತಿರುತ್ತದೆ.

ಲೋಹ ತಾಳಿಕೊಳ್ಳುವ ಗಿಡಗಳ ಕಥೆಯೂ ಇದೇ. ಅವುಗಳ ಜಾಣತನವೂ ಹೆಚ್ಚಾಗಿ ಬೇರಿನಲ್ಲಿ: ಲೋಹವನ್ನು ಜೀವಕೋಶದ ಗೋಡೆಯಲ್ಲೋ ಒಳಗಿನ ಚೀಲದಲ್ಲೋ ಕಟ್ಟಿಹಾಕುತ್ತವೆ. ವೇಲ್ಸಿನ ಹಳೆಯ ಗಣಿಗಳಲ್ಲಿ ಬೆಳೆಯುವ ಹುಲ್ಲನ್ನು 1950ರ ದಶಕದಿಂದ ಅಭ್ಯಾಸ ಮಾಡಿದ ಬ್ರಾಡ್‌ಶಾ ಮೊದಲಾದ ವಿಜ್ಞಾನಿಗಳು ತಾಳಿಕೆಯನ್ನು ಅಳೆಯಲು ನೋಡಿದ್ದು ಬೇರಿನ ಉದ್ದವನ್ನು, ಮೊಳಕೆಯ ಲೆಕ್ಕವನ್ನಲ್ಲ.

ನಮ್ಮ ನೆರೆಮನೆಯವರು ಇಂಥದ್ದೇ ಮಣ್ಣಲ್ಲಿ ಅಲಸಂಡೆ ಹಾಕಿ, ಬೀಜದಂಗಡಿಯವನಿಗೆ ಬೈಯುತ್ತಿದ್ದರು. ಒಂದು ಸಸಿ ಕಿತ್ತು ತೊಳೆದು ತೋರಿಸಿದೆ. ಬೇರು ಗಿಡ್ಡ, ದಪ್ಪ, ತುದಿ ಕಂದು, ಕವಲೇ ಇಲ್ಲ. ಅಂಗಡಿಯವನು ಏನು ಮಾಡಿಯಾನು? ‘ಹಟ್ಟಿಗೊಬ್ಬರ ಹಾಕಿದರೆ ವಿಷ ಕರಗುತ್ತದೆ’ ಎಂಬ ಮಾತನ್ನಂತೂ ದಯವಿಟ್ಟು ಬಿಡಿ. ಕರಗುವುದಿಲ್ಲ. ಗೊಬ್ಬರ ಅದನ್ನು ಹಿಡಿದಿಡುತ್ತದೆ, ಅಷ್ಟೇ.

ಸಮಯ ಮುಗಿಯುತ್ತಾ ಬಂತು. ಒಂದೇ ಬೀಜವನ್ನು ಎರಡು ಕುಂಡದಲ್ಲಿ ಹಾಕಿ, ಒಂದಕ್ಕೆ ಈ ಮಣ್ಣು, ಇನ್ನೊಂದಕ್ಕೆ ಮದ್ದು ಬೀಳದ ಜಾಗದ ಮಣ್ಣು. ವಾರ ಕಳೆದು ಕಿತ್ತು ಬೇರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿ. ನಮ್ಮ ಮುರಕಲ್ಲಿನ ನೆಲ ಹುಳಿ. ಸುಣ್ಣ ಹಾಕಿದರೆ ತಾಮ್ರದ ಕಾಟ ಸ್ವಲ್ಪ ತಗ್ಗುತ್ತದೆ. ತಾರಸಿಯ ನಾಲ್ಕು ಗೋಣಿಗೆ ಇಷ್ಟೆಲ್ಲ ಯಾಕೆ ಎನ್ನುವುದಾದರೆ, ಆ ಮಣ್ಣನ್ನು ಮುಂದಿನ ಸಲ ಊರಿಗೆ ಹೋಗುವಾಗ ಅಡಿಕೆ ಬುಡಕ್ಕೇ ಹಾಕಿ ಬನ್ನಿ.