ಓ.ಟಿ. ಮತ್ತು ಮೂರನೆಯ ಆಳು



ದೀಪಾವಳಿ ಕಳೆದ ಮೇಲೆ ರಾಯಚೂರಿನ ಎ.ಪಿ.ಎಂ.ಸಿ. ಕಡೆ ಹೋದವರಿಗೆ ಹತ್ತಿ ತುಂಬಿದ ಗಾಡಿಗಳ ಸಾಲು ಹೊಸದೇನಲ್ಲ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಎರೆಹೊಲದ ಹತ್ತಿಯೂ ಅದರಲ್ಲಿರುತ್ತದೆ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಗಳಿಗೆ ಅದೇ ಸುಗ್ಗಿ. ಕೆಲವೇ ತಿಂಗಳ ಕೆಲಸ. ಆಮೇಲೆ ಯಂತ್ರಕ್ಕೂ ಬಿಡುವು, ಆಳಿಗೂ ಬಿಡುವು. ಆದ್ದರಿಂದ ಸುಗ್ಗಿಯಲ್ಲಿ ಹಗಲಿರುಳು ಯಂತ್ರ ತಿರುಗಲಿ ಎಂದು ಮಾಲೀಕರಿಗೆ ಅನ್ನಿಸುವುದು ಸಹಜವೇ. ಅದನ್ನು ಎಷ್ಟು ಜನ ನಡೆಸಬೇಕು ಎಂಬುದು ಪ್ರಶ್ನೆ.

ಪೆನ್ಸಿಲ್ ತೆಗೆದುಕೊಳ್ಳಿ, ಸಣ್ಣದೊಂದು ಲೆಕ್ಕ ಮಾಡೋಣ. ಯಂತ್ರ 24 ಗಂಟೆ ನಡೆಯಲು 8 ಗಂಟೆಯ ಪಾಳಿಗೆ ಒಬ್ಬರಂತೆ ಮೂವರು ಬೇಕು. 12 ಗಂಟೆಯ ಪಾಳಿಯಾದರೆ ಇಬ್ಬರೇ ಸಾಕು. ಮೂರನೆಯವನು ಎಲ್ಲಿ ಹೋದ? ಬಹುಶಃ ದೇವದುರ್ಗದಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿದ್ದಾನೆ.

ಈಗ ಕೂಲಿಯ ವಿಷಯ. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಸಂಹಿತೆಯೂ ಹಾಗೆಯೇ ಹೇಳುತ್ತದೆ, ಓ.ಟಿ.ಗೆ ಕಾರ್ಮಿಕನ ಒಪ್ಪಿಗೆ ಬೇಕು ಎಂದೂ ಸೇರಿಸುತ್ತದೆ. ಅಂದರೆ 12 ಗಂಟೆ ದುಡಿದವನಿಗೆ 16 ಗಂಟೆಯ ಕೂಲಿ, ಇಬ್ಬರಿಗೆ 32. ಮೂವರನ್ನಿಟ್ಟರೆ ಕೇವಲ 24! ಮೂವರ ಭವಿಷ್ಯ ನಿಧಿ, ಇ.ಎಸ್.ಐ. ಪಾಲು ಕೂಡಿಸಿದರೂ ಮೂವರೇ ಅಗ್ಗ. ಹೀಗಿದ್ದೂ ಎಲ್ಲಿಯಾದರೂ ಸುಗ್ಗಿಯುದ್ದಕ್ಕೂ ಇಬ್ಬರಿಂದಲೇ ಕೆಲಸ ಸಾಗುತ್ತಿದ್ದರೆ, ಆ ಎರಡರಷ್ಟು ಕೂಲಿ ನಿಜವಾಗಿ ಅವರ ಕೈಸೇರುತ್ತಿದೆಯೆ ಎಂದು ಕೇಳಲೇಬೇಕಾಗುತ್ತದೆ.

ಎಲ್ಲ ಕಡೆಯೂ ಲೆಕ್ಕ ಇಷ್ಟು ಸರಳವಲ್ಲ, ನಿಜ. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಂಥ ಕಡೆ ಬಾಯ್ಲರ್ ನೋಡಿಕೊಳ್ಳುವವರ ಬದಲಿ ಬಾರದಿದ್ದರೆ ಇದ್ದವರು ಎದ್ದು ಹೋಗುವಂತಿಲ್ಲ. ಬೀದಿಯಲ್ಲಿ ಸಿಕ್ಕವರನ್ನು ತಂದು ಕೂರಿಸುವಂತೆಯೂ ಇಲ್ಲ. ಅಂಥ ಓ.ಟಿ.ಯಿಂದ ಯಾರ ಕೆಲಸವೂ ಹೋಗದು. ಇನ್ನು, ಮೂಲ ಕೂಲಿ ಸಾಲದ ಕಾರ್ಮಿಕ ತಾನೇ ಓ.ಟಿ. ಕೇಳುತ್ತಾನೆ. ಅವನನ್ನು ದೂರುವುದು ಸುಲಭ, ಅವನ ಮನೆ ನಡೆಸುವುದು ಕಷ್ಟ. ಅಮೆರಿಕದ ಕೆಲಾಗ್ ಕಂಪನಿ 1930ರಲ್ಲಿ 8 ಗಂಟೆಯ ಮೂರು ಪಾಳಿ ಬಿಟ್ಟು 6 ಗಂಟೆಯ ನಾಲ್ಕು ಪಾಳಿ ಮಾಡಿತು. ಆರ್ಥಿಕ ಕುಸಿತದ ಕಾಲದಲ್ಲಿ ಹೊಸಬರಿಗೆ ಕೆಲಸ ದೊರೆಯಿತು. ಮುಂದೆ ಸಂಬಳ ಹೆಚ್ಚಬೇಕೆಂದು ಬಹುಪಾಲು ಕಾರ್ಮಿಕರೇ 8 ಗಂಟೆಗೆ ಮರಳಿದರು. ಕೊನೆಯ ಆರು ಗಂಟೆಯ ಪಾಳಿ ನಿಂತದ್ದು 1985ರಲ್ಲಿ.

ನಮ್ಮ ರಾಜ್ಯ 2023ರ ತಿದ್ದುಪಡಿಯಲ್ಲಿ ಮೂರು ತಿಂಗಳ ಓ.ಟಿ. ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ವಾರಕ್ಕೆ 48 ಗಂಟೆಯಂತೆ 13 ವಾರಕ್ಕೆ ಒಬ್ಬರ ಕೆಲಸ 624 ಗಂಟೆ. 13 ಜನ 144 ಗಂಟೆಯ ಮಿತಿಯನ್ನು ಪೂರ್ತಿ ಬಳಸಿದರೆ 1,872 ಗಂಟೆ. ಸರಿಯಾಗಿ ಮೂವರ ಕೆಲಸ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಓದು ಮುಗಿಸಿ ಅರ್ಜಿ ಹಿಡಿದು ನಿಂತ ಮೂವರದು. ಹಳೆಯ 75ರ ಮಿತಿಯಲ್ಲಿ ಎಷ್ಟಾಗುತ್ತಿತ್ತು, ನೀವೇ ಮಾಡಿ ನೋಡಿ. ಉತ್ತರ ಒಂದೂವರೆಯ ಆಸುಪಾಸಿನಲ್ಲಿ ಬರಬೇಕು.